ಗ್ಯಾಸಿನ ಗುಳಿಗೆಯೊಳಗೆ ನಿದ್ದೆಯ ಮದ್ದು

ಸಂಪಾದಕರಿಗೆ ನಮಸ್ಕಾರ.

ಒಂದೇ ಗುಳಿಗೆಯಲ್ಲಿ ಎರಡು ಮೂರು ಮದ್ದು ಸೇರಿಸಿ ಮಾಡುವ ಕಾಂಬಿನೇಷನ್ ಔಷಧಗಳ ಬಗ್ಗೆ ಮೊನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಆ್ಯಂಟಿಬಯೋಟಿಕ್, ನೋವಿನ ಗುಳಿಗೆ, ಮಕ್ಕಳ ಶೀತದ ಸಿರಪ್ ಎಲ್ಲ ಅದರಲ್ಲಿತ್ತು. ಒಂದು ವಿಷಯ ಮಾತ್ರ ಬಿಟ್ಟುಹೋಗಿತ್ತು. ಹೊಟ್ಟೆನೋವಿನ ಗುಳಿಗೆ, ದಮ್ಮಿನ ಗುಳಿಗೆ, ತಲೆನೋವಿನ ಗುಳಿಗೆ ಅಂತ ನಾವು ತಿನ್ನುವುದರ ಒಳಗೆ ಮಂಪರು ತರಿಸುವ ಮದ್ದನ್ನು ಸೇರಿಸುವ ಅಭ್ಯಾಸ. ಇದು ಇವತ್ತಿನದಲ್ಲ, ನನ್ನ ಅಜ್ಜನ ಕಾಲದಿಂದ ಉಂಟು. ಅದರ ಬಗ್ಗೆ ಬರೆಯೋಣ ಅಂತ ಕೂತೆ, ಪತ್ರ ಸ್ವಲ್ಪ ಉದ್ದ ಆಗಿದೆ, ಬೇಕಾದಲ್ಲಿ ಕತ್ತರಿ ಹಾಕಿ, ಬೇಸರವಿಲ್ಲ.

ನಾನು ಡಾಕ್ಟರಲ್ಲ. ಕಾಸರಗೋಡು ಪೇಟೆಯ ಒಂದು ಮೆಡಿಕಲ್‌ನಲ್ಲಿ 27 ವರ್ಷ ಫಾರ್ಮಸಿಸ್ಟ್ ಆಗಿ ನಿಂತವ. ಈಗ ಪೆರ್ಲದ ಹತ್ತಿರ ಇರುವ ನಾಲ್ಕು ಅಡಿಕೆ ಮರ ನೋಡಿಕೊಂಡಿದ್ದೇನೆ.

ಮೊದಲು ಮನೆಯ ಕಥೆ ಹೇಳುತ್ತೇನೆ. ನನ್ನ ದೊಡ್ಡಮ್ಮನಿಗೆ ಈಗ 79. ಆರೇಳು ವರ್ಷದ ಹಿಂದೆ ಹೊಟ್ಟೆ ಹಿಂಡಿದ ಹಾಗಾಗುತ್ತದೆ, ಊಟ ಮಾಡಿ ಎದ್ದ ಕೂಡಲೇ ಹಿತ್ತಲಿಗೆ ಓಡಬೇಕು ಅಂತ ಮಂಗಳೂರಿಗೆ ಹೋಗಿ ಡಾಕ್ಟರಿಗೆ ತೋರಿಸಿದ್ದರು. ಹದಿನೈದು ದಿನಕ್ಕೆ ಒಂದು ಗುಳಿಗೆ ಬರೆದುಕೊಟ್ಟಿದ್ದರು, ದಿನಕ್ಕೆ ಮೂರು. ಹೊಟ್ಟೆ ಸರಿಯಾಯಿತು. ಹೊಟ್ಟೆ ಮಾತ್ರ ಅಲ್ಲ, ರಾತ್ರಿ ಒಳ್ಳೆಯ ನಿದ್ದೆಯೂ ಬಂತು. ಆಳು ಬಾರದ ತಲೆಬಿಸಿ, ಮೊಮ್ಮಗಳ ಮದುವೆಯ ತಲೆಬಿಸಿ ಎಲ್ಲ ಒಂದು ಮಾರು ದೂರ ಸರಿದು ನಿಂತಿತು. ಇಷ್ಟು ಒಳ್ಳೆಯ ಗ್ಯಾಸಿನ ಮದ್ದನ್ನು ಯಾರು ಬಿಡುತ್ತಾರೆ ಹೇಳಿ? ಹದಿನೈದು ದಿನದ ಚೀಟಿ ಆರು ವರ್ಷ ನಡೆಯಿತು. ಚೀಟಿ ಎಲ್ಲಿ ಹೋಯಿತೋ, ಖಾಲಿ ಸ್ಟ್ರಿಪ್ಪಿನ ಒಂದು ತುಂಡು ಕತ್ತರಿಸಿ ಪೇಟೆಗೆ ಹೋಗುವ ಯಾರ ಕೈಯಲ್ಲಾದರೂ ಕೊಟ್ಟರೆ ಸಂಜೆಯ ಬಸ್ಸಿನಲ್ಲಿ ಮದ್ದು ಬರುತ್ತಿತ್ತು.

ಹೋದ ವರ್ಷ ಮೊಮ್ಮಗಳ ಬಾಣಂತನಕ್ಕೆ ಅಂತ ದೊಡ್ಡಮ್ಮ ಪುತ್ತೂರಿಗೆ ಹೋದರು. ಮದ್ದಿನ ಡಬ್ಬಿ ಚಾವಡಿಯ ಕಿಟಕಿಯಲ್ಲೇ ಬಾಕಿಯಾಯಿತು. ಹೊಟ್ಟೆ ಸರಿಯಿದೆಯಲ್ಲ, ಸುಮ್ನೆ ಯಾಕೆ ಯಾರನ್ನಾದರೂ ಓಡಿಸುವುದು ಅಂತ ಅವರೂ ಹೇಳಲಿಲ್ಲ. ನಾಲ್ಕನೆಯ ದಿನದಿಂದ ನಿದ್ದೆ ಇಲ್ಲ. ಕೈ ನಡುಗಿ ಕಾಪಿ ಲೋಟದಿಂದ ಸೀರೆಗೆ ಚೆಲ್ಲುತ್ತದೆ. ಬಾಣಂತಿ ಕೋಣೆಯಲ್ಲಿ ಮಗು ಅತ್ತರೆ ಇವರು ಬೆಚ್ಚಿಬೀಳುತ್ತಾರೆ. ಆರನೆಯ ರಾತ್ರಿ ಎರಡು ಗಂಟೆಗೆ ಎದ್ದು ಅಂಗಳ ಗುಡಿಸುತ್ತಿದ್ದರಂತೆ, ಯಾಕೆ ಅಂತ ಕೇಳಿದರೆ ಮೂಲೆಯಲ್ಲಿ ಯಾರೋ ಕೂತಿದ್ದಾರೆ, ಕಸ ಇದ್ದರೆ ಮರ್ಯಾದೆ ಅಲ್ಲ ಅಂದರಂತೆ. ಮನೆಯವರಿಗೆ ಹೆದರಿಕೆ. ಗಾಳಿ ಸೋಕಿದೆ ಅಂತ ಒಬ್ಬರು, ಜೋಯಿಸರಲ್ಲಿ ಪ್ರಶ್ನೆ ಇಡಿಸೋಣ ಅಂತ ಇನ್ನೊಬ್ಬರು. ನನಗೆ ಫೋನು ಬಂದದ್ದು ಪ್ರಶ್ನೆಗೆ ದಿನ ಗೊತ್ತುಮಾಡಿದ ಮೇಲೆ.

ನಾನು ಮೊದಲು ಕೇಳಿದ್ದು ಒಂದೇ. ಮನೆಯಲ್ಲಿ ತಿನ್ನುತ್ತಿದ್ದ ಯಾವುದಾದರೂ ಮದ್ದು ನಿಂತಿದೆಯಾ? ಇಲ್ಲ, ಗ್ಯಾಸಿನದ್ದು ಒಂದು ಬಿಟ್ಟರೆ ಅಂದರು. ಆ ಡಬ್ಬಿ ತಂದು, ಸ್ಟ್ರಿಪ್ಪಿನ ಹಿಂದೆ ಇರುವೆ ಸಾಲಿನ ಹಾಗೆ ಅಚ್ಚಾದ ಅಕ್ಷರವನ್ನು ಭೂತಕನ್ನಡಿ ಹಿಡಿದು ಓದಿದೆ. ಕ್ಲೋರ್‌ಡಯಾಜಿಪಾಕ್ಸೈಡ್ 5 ಮಿ.ಗ್ರಾಂ, ಕ್ಲಿಡಿನಿಯಂ ಬ್ರೋಮೈಡ್ 2.5 ಮಿ.ಗ್ರಾಂ, ಡೈಸೈಕ್ಲೋಮಿನ್ 10 ಮಿ.ಗ್ರಾಂ. ಕೊನೆಯ ಎರಡು ಕರುಳಿನ ಸೆಳೆತ ಬಿಡಿಸುವವು. ಮೊದಲನೆಯದು ನಿದ್ದೆ-ಮಂಪರಿನ ಮದ್ದು, ಬೆಂಜೋಡಯಾಜಿಪಿನ್ ಅನ್ನುವ ಜಾತಿಯಲ್ಲಿ ಮೊತ್ತಮೊದಲು ಪೇಟೆಗೆ ಬಂದದ್ದೇ ಅದು, 1960ರಲ್ಲಿ, ಲಿಬ್ರಿಯಂ ಅನ್ನುವ ಹೆಸರಿನಲ್ಲಿ. ದಿನಕ್ಕೆ ಮೂರರ ಹಾಗೆ ಆರು ವರ್ಷ ಅದನ್ನು ತಿಂದ ಮೈ, ಒಂದು ದಿನ ಕೊಡುವುದನ್ನು ನಿಲ್ಲಿಸಿದರೆ ಗಲಾಟೆ ಮಾಡದೆ ಇರುತ್ತದಾ? ಭೂತ ಅಲ್ಲ, ಭೂತಕನ್ನಡಿ ಇಲ್ಲದೆ ಕಾಣದ ಒಂದು ಹೆಸರು.

ಆಮೇಲೆ ಡಾಕ್ಟರು ಅದನ್ನು ಪುನಃ ಶುರುಮಾಡಿಸಿ, ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಇಳಿಸಿ ಬಿಡಿಸಿದರು. ದೊಡ್ಡಮ್ಮ ಕೇಳಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ. "ಇದು ಗ್ಯಾಸಿನ ಮದ್ದು ಅಲ್ವಾ ಮಗಾ, ಇದರಲ್ಲಿ ನಿದ್ದೆಯದ್ದು ಉಂಟು ಅಂತ ಇಷ್ಟು ವರ್ಷ ಯಾರೂ ಯಾಕೆ ಹೇಳಲಿಲ್ಲ?" ಮದ್ದಿನಂಗಡಿಯಲ್ಲಿ ಅರ್ಧ ಆಯುಸ್ಸು ಕಳೆದ ನಾನು ಆ ಮನೆಗೆ ತಿಂಗಳಿಗೆ ಎರಡು ಸಲ ಹೋಗುತ್ತಿದ್ದೆ, ಆ ಡಬ್ಬಿಯ ಪಕ್ಕದಲ್ಲೇ ಕೂತು ಕಾಪಿ ಕುಡಿಯುತ್ತಿದ್ದೆ. ಒಂದು ದಿನವೂ ಮುಚ್ಚಳ ತೆಗೆದು ನೋಡಿರಲಿಲ್ಲ. ಉತ್ತರ ಹೇಳುವ ಮುಖ ನನಗೆಲ್ಲಿ?

ಇನ್ನು ಅಜ್ಜನ ಕಥೆ. ಬೆಂಜೋಡಯಾಜಿಪಿನ್‌ಗಳು ಬರುವ ಮೊದಲು ಈ ಜಾಗದಲ್ಲಿ ಕೂತಿದ್ದದ್ದು ಹಳೆಯ ಜಾತಿಯ ನಿದ್ದೆಯ ಮದ್ದುಗಳಾದ ಬಾರ್ಬಿಟ್ಯುರೇಟ್‌ಗಳು. 1970ರ ಆಸುಪಾಸು, ನಾನು ಸಣ್ಣ ಹುಡುಗ. ಅಜ್ಜನಿಗೆ ದಮ್ಮು. ಮಳೆಗಾಲ ಶುರುವಾಗಿ ಒದ್ದೆ ಸೌದೆಯ ಹೊಗೆ ಮನೆ ತುಂಬಿದರೆ ಅವರು ಗೋಡೆಗೆ ತಲೆದಿಂಬು ಒರಗಿಸಿ ಕೂತೇ ರಾತ್ರಿ ಕಳೆಯಬೇಕು. ಒಂದು ಬಿಳಿ ಗುಳಿಗೆ ಇತ್ತು, ಕಾಗದದ ಪೊಟ್ಟಣದಲ್ಲಿ ಕಂಪೌಂಡರು ಕೊಡುತ್ತಿದ್ದದ್ದು. ಅದನ್ನು ನುಂಗಿ ಒಂದು ಗಂಟೆಯಲ್ಲಿ ಉಸಿರು ಸ್ವಲ್ಪ ಸಲೀಸು. ಆದರೆ ಎಲೆಯಡಿಕೆಗೆ ಕೂತರೆ ಅಡಕತ್ತರಿ ಹಿಡಿದ ಕೈ ಗಡಗಡ ಅನ್ನುವುದು, ಅದೇ ಹೊತ್ತಿಗೆ ಕಣ್ಣು ಮುಚ್ಚಿ ಮುಚ್ಚಿ ಹೋಗುವುದು. ನಡುಗುತ್ತಾ ತೂಕಡಿಸುವ ಮನುಷ್ಯನನ್ನು ನೀವು ನೋಡಿದ್ದೀರಾ? ನಾವು ಮಕ್ಕಳು ಅದನ್ನು ಅಣಕಿಸಿ ನಗುತ್ತಿದ್ದೆವು.

ಅದರ ಗುಟ್ಟು ಗೊತ್ತಾದದ್ದು ಡಿ.ಫಾರ್ಮಾ ಓದುವಾಗ. ಆ ಕಾಲದ ದಮ್ಮಿನ ಗುಳಿಗೆ ಅಂದರೆ ಜಗತ್ತಿನಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಪಾಕ. ಅಮೆರಿಕದಲ್ಲಿ ಟೆಡ್ರಾಲ್ ಅಂತ ಒಂದು ಇತ್ತು, ಅದರಲ್ಲಿ ಥಿಯೋಫಿಲಿನ್ 130, ಎಫೆಡ್ರಿನ್ 24, ಫಿನೋಬಾರ್ಬಿಟೋನ್ ಅನ್ನುವ ಬಾರ್ಬಿಟ್ಯುರೇಟ್ 8 ಮಿ.ಗ್ರಾಂ. ಮೊದಲ ಎರಡು ಶ್ವಾಸನಾಳ ಸಡಿಲಿಸುತ್ತವೆ. ಆದರೆ ಎಫೆಡ್ರಿನ್‌ಗೆ ಎದೆ ಢವಢವ, ಕೈನಡುಕ, ನಿದ್ದೆ ಇಲ್ಲದಿರುವುದು ಎಲ್ಲ ಒಟ್ಟಿಗೆ ಬರುತ್ತದೆ. ಅದನ್ನು ಅಡಗಿಸಲಿಕ್ಕೆ ಅಂತ ಮೂರನೆಯದಾಗಿ ಒಂಚೂರು ಫಿನೋಬಾರ್ಬಿಟೋನ್. ಎತ್ತು ಏರಿಗೆ ಎಳೆಯಿತು, ಕೋಣ ನೀರಿಗೆ ಎಳೆಯಿತು ಅನ್ನುತ್ತಾರಲ್ಲ, ಅದನ್ನೇ ಒಂದು ಗುಳಿಗೆಯಲ್ಲಿ ಕಟ್ಟಿ ಕೊಟ್ಟ ಹಾಗೆ. ನಡುವೆ ನೊಗ ಹೊತ್ತದ್ದು ಅಜ್ಜ.

ಅಷ್ಟೇ ಆಗಿದ್ದರೆ ನಕ್ಕು ಬಿಡಬಹುದಿತ್ತು. ಫಿನೋಬಾರ್ಬಿಟೋನ್‌ಗೆ ಇನ್ನೊಂದು ಬುದ್ಧಿ ಉಂಟು. ಅದು ಲಿವರಿಗೆ ಜಾಸ್ತಿ ಕೆಲಸ ಹಿಡಿಸುತ್ತದೆ. ಮದ್ದನ್ನು ಕರಗಿಸಿ ಹೊರಹಾಕುವ ಕಿಣ್ವಗಳು ಲಿವರಿನಲ್ಲಿ ಇರುತ್ತವೆ, ಇದನ್ನು ಕೆಲವು ವಾರ ತಿಂದರೆ ಅವು ಹೆಚ್ಚುತ್ತವೆ. ಹೆಚ್ಚಾದ ಕಿಣ್ವ ಸುಮ್ಮನೆ ಕೂರುವುದಿಲ್ಲ, ಪಕ್ಕದ ಮದ್ದನ್ನೂ ಬೇಗ ಬೇಗ ಮುಗಿಸುತ್ತದೆ. ಥಿಯೋಫಿಲಿನ್ ಕೂಡ ಅದರಲ್ಲೊಂದು. ಅಂದರೆ ಉಸಿರು ಬಿಡಿಸಬೇಕಾದ ಮದ್ದನ್ನು ಅದೇ ಗುಳಿಗೆಯಲ್ಲಿ ಕೂತವನೇ ತಿಂದು ಹಾಕುತ್ತಾನೆ. ಸಾಲದ್ದಕ್ಕೆ ಬಾರ್ಬಿಟ್ಯುರೇಟ್ ಜಾಸ್ತಿಯಾದರೆ ಉಸಿರಾಟವನ್ನೇ ನಿಧಾನ ಮಾಡುವಂಥದ್ದು, ಕೊಟ್ಟದ್ದು ಉಸಿರು ಕಟ್ಟುವವರಿಗೆ! ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ವಾರ್ಫರಿನ್, ಗರ್ಭನಿರೋಧಕ ಗುಳಿಗೆ, ಇವುಗಳ ಬಲವೂ ಇದರಿಂದ ಇಳಿಯುತ್ತದೆ. ತಾನು ದಮ್ಮಿಗೋ ಹೊಟ್ಟೆಗೋ ಮದ್ದು ತಿನ್ನುತ್ತಿದ್ದೇನೆ ಅಂದುಕೊಂಡ ಹೆಂಗಸಿಗೆ ಇದು ಹೇಗೆ ಗೊತ್ತಾಗಬೇಕು?

ಈ ಬಾರ್ಬಿಟ್ಯುರೇಟ್ ಹುಟ್ಟಿದ ಕಥೆಯನ್ನೂ ಒಂದು ಉಸಿರಿಗೆ ಹೇಳಿಬಿಡುತ್ತೇನೆ. 1864ರಲ್ಲಿ ಜರ್ಮನ್ ವಿಜ್ಞಾನಿ ಅಡಾಲ್ಫ್ ಫಾನ್ ಬಾಯರ್ ಬಾರ್ಬಿಟ್ಯೂರಿಕ್ ಆಮ್ಲ ತಯಾರಿಸಿದರು. ಅದರಿಂದ ನಿದ್ದೆ ಗಿದ್ದೆ ಏನೂ ಬರುವುದಿಲ್ಲ. ಅದರ ಮೇಲೆ ಇನ್ನಷ್ಟು ಕೈಯಾಡಿಸಿ 1903ರಲ್ಲಿ ಎಮಿಲ್ ಫಿಷರ್ ಮತ್ತು ಜೋಸೆಫ್ ಫಾನ್ ಮೇರಿಂಗ್ ಬಾರ್ಬಿಟಾಲ್ ತಂದರು, ವೆರೊನಾಲ್ ಅಂತ ಮಾರಾಟವಾಯಿತು. 1912ರಲ್ಲಿ ಬಾಯರ್ ಕಂಪೆನಿಯ ಲ್ಯೂಮಿನಾಲ್ ಬಂತು, ನಮ್ಮ ಫಿನೋಬಾರ್ಬಿಟೋನ್ ಅದೇ. ಕಂಪೆನಿಯ ಬಾಯರ್ ಬೇರೆ, ವಿಜ್ಞಾನಿ ಬಾಯರ್ ಬೇರೆ, ಪರೀಕ್ಷೆಯಲ್ಲಿ ನಾನೂ ಒಮ್ಮೆ ತಪ್ಪು ಬರೆದಿದ್ದೆ. ಅದೇ ವರ್ಷ ಆಲ್ಫ್ರೆಡ್ ಹಾಪ್ಟ್‌ಮನ್ ಅನ್ನುವ ಡಾಕ್ಟರು ಫಿಟ್ಸ್ ರೋಗಿಗಳಿಗೆ ರಾತ್ರಿ ನಿದ್ದೆ ಬರಲಿ ಅಂತ ಇದನ್ನು ಕೊಟ್ಟರಂತೆ. ನೋಡಿದರೆ ಫಿಟ್ಸೇ ಕಡಿಮೆ.

ಇಲ್ಲಿ ಒಂದು ಮಾತನ್ನು ಗಟ್ಟಿಯಾಗಿ ಹೇಳಬೇಕು, ಇಲ್ಲದಿದ್ದರೆ ನನ್ನ ಪತ್ರದಿಂದಲೇ ಯಾರಿಗಾದರೂ ತೊಂದರೆ ಆದೀತು. ಫಿನೋಬಾರ್ಬಿಟೋನ್ ಕೆಟ್ಟ ಮದ್ದು ಅಲ್ಲ. ಫಿಟ್ಸಿಗೆ ನೂರು ವರ್ಷ ದಾಟಿದರೂ ಅದು ಉಳಿದಿದೆ. ವಿಶ್ವ ಆರೋಗ್ಯ ಸಂಸ್ಥೆಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ, ನಮ್ಮ ದೇಶದ ಪಟ್ಟಿಯಲ್ಲೂ ಇದೆ. ಬೆಲೆ ಕಡಿಮೆ. ಹುಟ್ಟಿದ ಶಿಶುವಿಗೆ ಫಿಟ್ಸ್ ಬಂದರೆ ಡಾಕ್ಟರುಗಳು ಮೊದಲು ಕೈಗೆತ್ತಿಕೊಳ್ಳುವುದು ಇದನ್ನೇ. ಗಾರ್ಡಿನಾಲ್ ಅನ್ನುವ ಇದರ ಪೇಟೆಯ ಹೆಸರು ನಮ್ಮ ಎಣ್ಮಕಜೆ, ಪಡ್ರೆ ಕಡೆ ಎಷ್ಟೋ ಮನೆಯವರ ಬಾಯಲ್ಲಿದೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಸುರಿದ ಊರುಗಳಲ್ಲಿ ಫಿಟ್ಸ್ ಬರುವ ಮಕ್ಕಳಿರುವ ಮನೆ ಯಾವುದು ಅಂತ ನಾನು ಹೇಳಬೇಕಾಗಿಲ್ಲ. ಅಂಥ ಮನೆಯವರು ಇದನ್ನು ಓದಿ ಅಯ್ಯೋ ಇದು ನಿದ್ದೆಯ ಮದ್ದಂತೆ ಅಂತ ನಾಳೆಯಿಂದ ನಿಲ್ಲಿಸಿಬಿಟ್ಟರೆ ಕಥೆ ಮುಗಿಯಿತು. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಒಂದರ ಹಿಂದೆ ಒಂದು ಬಂದು ನಿಲ್ಲದೆ ಹೋಗಬಹುದು, ಜೀವಕ್ಕೇ ಅಪಾಯ. ನಿಲ್ಲಿಸುವುದು, ಇಳಿಸುವುದು, ಬದಲಿಸುವುದು ಎಲ್ಲ ಡಾಕ್ಟರ ಕೆಲಸ.

2020ರ ಮಾರ್ಚಿನಲ್ಲಿ ಕೊರೊನಾ ಅಂತ ತಲಪಾಡಿಯಲ್ಲಿ ಕರ್ನಾಟಕದ ಗಡಿ ಮುಚ್ಚಿ, ಒಳರಸ್ತೆಗಳಿಗೆ ಮಣ್ಣು ಹಾಕಿದ್ದು ನಿಮಗೆ ನೆನಪಿರಬಹುದು. ಮಂಗಳೂರಿನ ಡಾಕ್ಟರು, ಮಂಗಳೂರಿನ ಚೀಟಿ, ಮಂಗಳೂರಿನ ಮದ್ದು ಅಂತ ಇದ್ದವರಿಗೆಲ್ಲ ಕೈಕಾಲು ಕಟ್ಟಿದ ಹಾಗಾಯಿತು. ನನಗೆ ಆಗ ಬಂದ ಫೋನುಗಳಲ್ಲಿ ಬಿಪಿ, ಶುಗರಿನದ್ದು ಜಾಸ್ತಿ. ಆದರೆ ನಿದ್ದೆಗೆಡಿಸಿದ್ದು ಫಿಟ್ಸ್ ಮದ್ದಿನ ಫೋನುಗಳು, ಎರಡೇ ಗುಳಿಗೆ ಉಳಿದಿದೆ ಅಣ್ಣ, ಅರ್ಧ ಅರ್ಧ ಮಾಡಿ ಕೊಡಲಾ ಅಂತ. ಆಗ ಅಗ್ನಿಶಾಮಕ ದಳದವರು ಮನೆ ಮನೆಗೆ ಮದ್ದು ಮುಟ್ಟಿಸಿದ್ದನ್ನು ನಾನು ಮರೆಯುವುದಿಲ್ಲ.

ಹಾಗಾದರೆ ನನ್ನ ತಕರಾರು ಏನು? ಮದ್ದಿನ ಮೇಲಲ್ಲ, ಅದು ಅಡಗಿ ಕೂರುವುದರ ಮೇಲೆ. ಫಿಟ್ಸಿಗೆ ಕೊಡುವಾಗ ಡಾಕ್ಟರು ತೂಕ ನೋಡಿ, ರಕ್ತ ನೋಡಿ, ಇಷ್ಟೇ ಅಂತ ಅಳೆದು ಕೊಡುತ್ತಾರೆ. ತಿನ್ನುವವನಿಗೂ ಹೆಸರು ಗೊತ್ತು. ಹೊಟ್ಟೆನೋವಿನ ಗುಳಿಗೆಯಲ್ಲಿ ಸೇರಿಕೊಂಡರೆ ಅದರ ಅಳತೆ ಹೊಟ್ಟೆನೋವಿನ ಕೈಯಲ್ಲಿ. ನೋವು ಜಾಸ್ತಿ ಅಂತ ಎರಡು ನುಂಗಿದರೆ ನಿದ್ದೆಯ ಮದ್ದೂ ಎರಡು ಪಟ್ಟು ಒಳಗೆ ಹೋಯಿತು. ಫಿನೋಬಾರ್ಬಿಟೋನ್ ಅಂತೂ ಬೇಗ ಹೊರಟುಹೋಗುವ ನೆಂಟನಲ್ಲ, ದೊಡ್ಡವರ ಮೈಯಲ್ಲಿ ಅರ್ಧ ಖಾಲಿಯಾಗಲಿಕ್ಕೇ ಮೂರು ನಾಲ್ಕು ದಿನ ಬೇಕು. ದಿನಾ ತಿಂದರೆ ಒಂದರ ಮೇಲೊಂದು ಕೂಡುತ್ತಾ ಹೋಗುತ್ತದೆ. ಅದರ ಮೇಲೆ ಸಂಜೆ ಒಂದು ಪೆಗ್ಗು ಬಿದ್ದರಂತೂ ಕೇಳುವುದೇ ಬೇಡ. ಬೆಂಜೋಡಯಾಜಿಪಿನ್ ಮಿತಿಮೀರಿದರೆ ಅದನ್ನು ಇಳಿಸಲಿಕ್ಕೆ ಫ್ಲುಮಜೆನಿಲ್ ಅಂತ ಒಂದು ಇಂಜೆಕ್ಷನ್ ಆದರೂ ಉಂಟು, ಬಾರ್ಬಿಟ್ಯುರೇಟಿಗೆ ಅಂಥ ಪ್ರತಿಮದ್ದು ಇಲ್ಲ. 1962ರಲ್ಲಿ ಸಿನಿಮಾ ತಾರೆ ಮರ್ಲಿನ್ ಮನ್ರೋ ತೀರಿಹೋದಾಗ ಮೈಯಲ್ಲಿ ಸಿಕ್ಕಿದ್ದು ಪೆಂಟೋಬಾರ್ಬಿಟಾಲ್ ಅನ್ನುವ ಬಾರ್ಬಿಟ್ಯುರೇಟ್ ಮತ್ತು ಕ್ಲೋರಲ್ ಹೈಡ್ರೇಟ್ ಅನ್ನುವ ಇನ್ನೊಂದು ನಿದ್ದೆಯ ಮದ್ದು. ಇದರ ಅಪಾಯ ಜಗತ್ತಿಗೆ ಗೊತ್ತಿಲ್ಲದ್ದಲ್ಲ, ಅದಕ್ಕೇ ಬೆಂಜೋಡಯಾಜಿಪಿನ್ ಬಂದ ಮೇಲೆ ಎಲ್ಲರೂ ಆ ಕಡೆ ಹೊರಳಿದ್ದು.

ವಯಸ್ಸಾದವರ ವಿಷಯಕ್ಕೆ ಬಂದರೆ ಅಮೆರಿಕದಲ್ಲಿ ಬೀರ್ಸ್ ಪಟ್ಟಿ ಅಂತ ಒಂದಿದೆ, 1991ರಲ್ಲಿ ಮಾರ್ಕ್ ಬೀರ್ಸ್ ಅನ್ನುವ ಡಾಕ್ಟರು ಶುರುಮಾಡಿದ್ದು. 65 ದಾಟಿದವರಿಗೆ ಯಾವ ಮದ್ದನ್ನು ಆದಷ್ಟು ತಪ್ಪಿಸಬೇಕು ಅಂತ ಹೇಳುವ ಪಟ್ಟಿ. ಅದರಲ್ಲಿ ಬಾರ್ಬಿಟ್ಯುರೇಟ್ ಉಂಟು, ಬೆಂಜೋಡಯಾಜಿಪಿನ್ ಉಂಟು, ಡೈಸೈಕ್ಲೋಮಿನ್ ಉಂಟು, ಕ್ಲಿಡಿನಿಯಂ ಸೇರಿದ ಕ್ಲೋರ್‌ಡಯಾಜಿಪಾಕ್ಸೈಡ್ ಅಂತೂ ಜೋಡಿಯಾಗಿಯೇ ಉಂಟು. ಗೊಂದಲ, ಮಲಬದ್ಧತೆ, ಮೂತ್ರ ಕಟ್ಟುವುದು, ರಾತ್ರಿ ಎದ್ದಾಗ ತಲೆ ತಿರುಗಿ ಬೀಳುವುದು. ದೊಡ್ಡಮ್ಮನ ಡಬ್ಬಿಯ ಒಂದೇ ಗುಳಿಗೆಯ ಮೂವರೂ ಆ ಪಟ್ಟಿಯಲ್ಲಿದ್ದರು! ಬಚ್ಚಲಿನಲ್ಲಿ ಜಾರಿ ಸೊಂಟ ಮುರಿದುಕೊಂಡ ನಮ್ಮ ಊರಿನ ಅಜ್ಜಿಯಂದಿರ ಮದ್ದಿನ ಡಬ್ಬಿಯನ್ನು ಯಾರಾದರೂ ಒಮ್ಮೆ ತೆರೆದು ನೋಡಿದ್ದಾರಾ? ಎಲ್ಲ ತಪ್ಪೂ ಪಾಪ ಆ ಪಾಚಿಯ ಮೇಲೆ.

ಸರಕಾರ ಏನೂ ಮಾಡಿಲ್ಲ ಅಂತ ಹೇಳುವ ಹಾಗಿಲ್ಲ. 1983ರ ಜುಲೈಯಲ್ಲಿ ಹೊರಟ ನಿಷೇಧದ ಪಟ್ಟಿಯಲ್ಲೇ ವಿಟಮಿನ್ನಿನ ಜೊತೆ ಉರಿಯೂತದ ಮದ್ದು ಮತ್ತು ಟ್ರಾಂಕ್ವಿಲೈಸರ್, ಅಂದರೆ ಮನಸ್ಸು ತಣಿಸುವ ಮದ್ದು, ಸೇರಿಸಿದ ಗುಳಿಗೆ ಇತ್ತು. ವಿಟಮಿನ್ ಅಂತ ಜನ ಧೈರ್ಯವಾಗಿ ತಿನ್ನುತ್ತಿದ್ದದ್ದು ಅದು, ನೋಡಿ. ಆಮೇಲೆ ಫಿನೋಬಾರ್ಬಿಟೋನನ್ನು ದಮ್ಮಿನ ಯಾವ ಮದ್ದಿನ ಜೊತೆಯೂ ಸೇರಿಸಬಾರದು, ಹೊಟ್ಟೆಸೆಳೆತದ ಹಯೋಸಿನ್, ಹಯೋಸಯಮಿನ್ ಜೊತೆ ಸೇರಿಸಬಾರದು, ಅರೆತಲೆನೋವಿನ ಎರ್ಗೊಟಮಿನ್ ಅಥವಾ ಬೆಲ್ಲಡೋನಾ ಜೊತೆ ಸೇರಿಸಬಾರದು ಅಂತ ಬೇರೆ ಬೇರೆ ನಿಷೇಧ ಬಂತು. ದಮ್ಮು, ಹೊಟ್ಟೆಸೆಳೆತ, ಅರೆತಲೆನೋವು, ಮೂರೂ ಬಾಗಿಲು ಮುಚ್ಚಿದ ಹಾಗಾಯಿತು. ಅಜ್ಜ ಅಷ್ಟು ಹೊತ್ತಿಗೆ ತೀರಿಹೋಗಿ ಬಹಳ ವರ್ಷ ಆಗಿತ್ತು. ಅಮೆರಿಕದವರು ಎಲ್ಲದರಲ್ಲೂ ಮುಂದೆ ಅಂತ ಹೇಳುವವರು ಇದನ್ನು ಕೇಳಬೇಕು, ಅಲ್ಲಿ ಬ್ಯುಟಾಲ್ಬಿಟಾಲ್ ಅನ್ನುವ ಬಾರ್ಬಿಟ್ಯುರೇಟ್ 50 ಮಿ.ಗ್ರಾಂ, ಪ್ಯಾರಾಸಿಟಮಾಲ್, ಕೆಫೀನ್ ಸೇರಿಸಿದ ತಲೆನೋವಿನ ಗುಳಿಗೆ ಈಗಲೂ ಬರೆದುಕೊಡುತ್ತಾರೆ. ನಿದ್ದೆಗೊಂದು, ಎಚ್ಚರಕ್ಕೊಂದು! ಅದನ್ನು ಪದೇ ಪದೇ ತಿಂದರೆ ಮದ್ದಿನಿಂದಲೇ ತಲೆನೋವು ಬರಲಿಕ್ಕೆ ಶುರುವಾಗುತ್ತದೆ, ಆ ತಲೆನೋವಿಗೆ ಪುನಃ ಅದೇ ಮದ್ದು.

2016ರಲ್ಲಿ ಕೇಂದ್ರ 344 ಕಾಂಬಿನೇಷನ್‌ಗಳನ್ನು ನಿಷೇಧಿಸಿತು, ಕಂಪೆನಿಗಳು ಕೋರ್ಟಿಗೆ ಹೋದವು, ದೆಹಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು, ಸುಪ್ರೀಂ ಕೋರ್ಟ್ ಪುನಃ ಪರಿಶೀಲನೆ ಮಾಡಿಸಿತು, 2018ರ ಸೆಪ್ಟೆಂಬರಿನಲ್ಲಿ 328ಕ್ಕೆ ಬಾಗಿಲು ಬಿತ್ತು. 2024ರ ಆಗಸ್ಟಿನಲ್ಲಿ ಇನ್ನೂ 156. ಪಟ್ಟಿ ಬಂದಾಗಲೆಲ್ಲ ನಾವು ಅಂಗಡಿಯವರು ಕಪಾಟು ತಡಕಾಡಿ ಸ್ಟಾಕ್ ವಾಪಸ್ ಕಳಿಸುವ ಸಂಭ್ರಮ. ಕಾಂಬಿನೇಷನ್ ಎಲ್ಲ ಮೋಸ ಅಂತ ನಾನು ಹೇಳುವುದಿಲ್ಲ. ಟಿಬಿಗೆ ನಾಲ್ಕು ಮದ್ದು ಒಂದೇ ಗುಳಿಗೆಯಲ್ಲಿ ಕೊಡುವುದಕ್ಕೆ ಕಾರಣ ಉಂಟು, ಒಂದನ್ನು ತಿಂದು ಇನ್ನೊಂದನ್ನು ಬಿಟ್ಟರೆ ರೋಗಾಣು ಗಟ್ಟಿಯಾಗುತ್ತದೆ. ಆದರೆ ನಿದ್ದೆ-ಮಂಪರಿನ ಮದ್ದನ್ನು ಇನ್ನೊಂದರ ಜೊತೆ ಕಟ್ಟುವ ಅಭ್ಯಾಸ ಬಾರ್ಬಿಟ್ಯುರೇಟ್ ಹೋದ ಮೇಲೂ ಹೋಗಲಿಲ್ಲ. ಮನೆ ಖಾಲಿಯಾಯಿತು, ಒಕ್ಕಲು ಬದಲಾಯಿತು, ಅಷ್ಟೇ. ಹೊಟ್ಟೆಯ ಗುಳಿಗೆಯಲ್ಲಿ ಕ್ಲೋರ್‌ಡಯಾಜಿಪಾಕ್ಸೈಡ್, ಖಿನ್ನತೆಯ ಮದ್ದು ಎಸ್ಸಿಟಲೊಪ್ರಾಮಿನ ಜೊತೆ ಕ್ಲೊನಾಜಿಪಾಮ್, ಎದೆಬಡಿತದ ಪ್ರೊಪ್ರನೊಲಾಲ್ ಜೊತೆಗೂ ಕ್ಲೊನಾಜಿಪಾಮ್. ಖಿನ್ನತೆಯ ಮದ್ದನ್ನು ತಿಂಗಳುಗಟ್ಟಲೆ ತಿನ್ನಬೇಕು, ನಿದ್ದೆಯದ್ದನ್ನು ಕೆಲವೇ ವಾರದಲ್ಲಿ ಬಿಡಿಸಬೇಕು. ಎರಡನ್ನೂ ಒಂದೇ ಗುಳಿಗೆಯಲ್ಲಿ ಅಂಟಿಸಿದರೆ ಒಂದನ್ನು ಮಾತ್ರ ಬಿಡುವುದು ಹೇಗೆ?

ಈಗ ನನ್ನ ಮೇಲೆಯೇ ದೂರು. 2014ರ ಮಾರ್ಚ್ 1ರಿಂದ ಶೆಡ್ಯೂಲ್ ಎಚ್1 ಅನ್ನುವ, ಚೀಟಿ ಇಲ್ಲದೆ ಕೊಡಬಾರದ ಮದ್ದುಗಳ ಪಟ್ಟಿ ಜಾರಿಗೆ ಬಂತು. ಅದರಲ್ಲಿ ಡಯಾಜಿಪಾಮ್, ಅಲ್ಪ್ರಜೋಲಾಮ್, ಕ್ಲೋರ್‌ಡಯಾಜಿಪಾಕ್ಸೈಡ್ ಎಲ್ಲ ಉಂಟು, ಅವು ಸೇರಿದ ಗುಳಿಗೆಗಳೂ ಲೆಕ್ಕಕ್ಕೆ ಬರುತ್ತವೆ. ಪೊಟ್ಟಣದ ಮೇಲೆ ಕೆಂಪು ಗೆರೆಯ ಚೌಕದಲ್ಲಿ ಎಚ್ಚರಿಕೆ ಇರಬೇಕು. ಡಾಕ್ಟರ ಹೆಸರು, ರೋಗಿಯ ಹೆಸರು, ಎಷ್ಟು ಕೊಟ್ಟದ್ದು ಅಂತ ಬೇರೆಯೇ ರಿಜಿಸ್ಟರಿನಲ್ಲಿ ಬರೆದು ಮೂರು ವರ್ಷ ಇಟ್ಟುಕೊಳ್ಳಬೇಕು. ಪೆಂಟೋಬಾರ್ಬಿಟಾಲ್, ಸೆಕೋಬಾರ್ಬಿಟಾಲ್‌ನಂಥವು ಇನ್ನೂ ಬಿಗಿಯಾದ ಶೆಡ್ಯೂಲ್ ಎಕ್ಸ್‌ನಲ್ಲಿವೆ, ಅದಕ್ಕೆ ಚೀಟಿಯೇ ಎರಡು ಪ್ರತಿ ಬೇಕು, ಒಂದು ಅಂಗಡಿಯಲ್ಲಿ ಉಳಿಯಬೇಕು. ಕಾಗದದ ಮೇಲೆ ಎಲ್ಲ ಸೊಗಸು. ಬರೀ ನಿದ್ದೆಯ ಗುಳಿಗೆ ಕೇಳಿ ಬಂದವರನ್ನು ನಾನು ಚೀಟಿ ಇಲ್ಲದೆ ಹಾಗೇ ವಾಪಸ್ ಕಳಿಸಿದ್ದೇನೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಸಂಜೆ ಐದೂವರೆಗೆ, ಬಸ್ಸು ಹೊರಡುವ ಗಡಿಬಿಡಿಯಲ್ಲಿ ಒಬ್ಬರು ಗ್ಯಾಸಿನದ್ದು ಅಂತ ಸ್ಟ್ರಿಪ್ಪಿನ ತುಂಡು ಚಾಚಿದರೆ? ಕೊಟ್ಟಿದ್ದೇನೆ. ಒಂದೆರಡು ಸಲ ಅಲ್ಲ. ಮುಖ ಪರಿಚಯದವರು, ಬೇನೆಯಲ್ಲಿದ್ದಾರೆ, ಪೆರ್ಲದಿಂದಲೋ ಮುಳ್ಳೇರಿಯದಿಂದಲೋ ಬಂದವರು, ವಾಪಸ್ ಕಳಿಸಿದರೆ ಪಕ್ಕದ ಅಂಗಡಿಗೆ ಹೋಗುತ್ತಾರೆ. ಹೊಟ್ಟೆಯ ಮದ್ದು ಅಂತ ಹೆಸರಿದ್ದರೆ ನಮ್ಮ ಕೈಯೇ ಸಡಿಲವಾಗುತ್ತದೆ.

ಹೆಸರಿನ ವಿಷಯದಲ್ಲೂ ಒಂದು ತಮಾಷೆ ಇದೆ. 2018ರಲ್ಲಿ ಒಂದು ತಿದ್ದುಪಡಿ ಬಂತು, ಮದ್ದಿನ ನಿಜವಾದ ಹೆಸರನ್ನು ಕಂಪೆನಿ ಇಟ್ಟ ಹೆಸರಿಗಿಂತ ದೊಡ್ಡ ಅಕ್ಷರದಲ್ಲಿ ಹಾಕಬೇಕು ಅಂತ. ಬಹಳ ಒಳ್ಳೆಯದು. ಆದರೆ ಮೂರು ಅಥವಾ ಅದಕ್ಕಿಂತ ಹೆಚ್ಚು ಮದ್ದು ಸೇರಿಸಿದ ಗುಳಿಗೆಗೆ ಅದರಿಂದ ವಿನಾಯಿತಿ. ಸ್ಟ್ರಿಪ್ಪಿನಲ್ಲಿ ಜಾಗ ಸಾಲುವುದಿಲ್ಲ ಅನ್ನಬಹುದು. ಆದರೆ ದೊಡ್ಡಮ್ಮನದ್ದು ಸರಿಯಾಗಿ ಮೂರು ಸೇರಿದ್ದೇ. ಎಲ್ಲಿ ಅಗತ್ಯವೋ ಅಲ್ಲೇ ಬಿಟ್ಟರು. 2023ರ ಆಗಸ್ಟಿನಿಂದ 300 ಬ್ರ್ಯಾಂಡುಗಳ ಮೇಲೆ ಕ್ಯೂಆರ್ ಕೋಡ್ ಬಂದಿದೆ, ಸ್ಕ್ಯಾನ್ ಮಾಡಿದರೆ ಮಾಹಿತಿ ಸಿಗುತ್ತದೆ. ಅಜ್ಜಿ ಮೊಮ್ಮಗನನ್ನು ಕರೆದು ಸ್ಕ್ಯಾನ್ ಮಾಡಿಸಿ, ಅವನು ಇಂಗ್ಲಿಷಿನಲ್ಲಿ ಓದಿ, ಅಷ್ಟರಲ್ಲಿ ಗುಳಿಗೆ ನುಂಗಿ ಮಲಗಿಯೂ ಆಗಿರುತ್ತದೆ.

ಭಾಷೆಯ ಮಾತು ಬಂತು, ಕಾಸರಗೋಡಿನವನಾಗಿ ಇದನ್ನು ಬಿಡಲಾರೆ. ನಾವು ಕಚೇರಿಯ ಬೋರ್ಡು ಕನ್ನಡದಲ್ಲಿರಲಿ, ಅರ್ಜಿ ಫಾರಂ ಕನ್ನಡದಲ್ಲಿರಲಿ, ಶಾಲೆಗೆ ಕನ್ನಡ ಬಲ್ಲ ಮೇಷ್ಟ್ರು ಬರಲಿ ಅಂತ ವರ್ಷಗಟ್ಟಲೆ ಕೇಳುತ್ತಾ ಬಂದವರು. ಸರಿಯೇ. ಹೊಟ್ಟೆಗೆ ಹೋಗುವ ಮದ್ದಿನ ಬಗ್ಗೆ ಮಾತ್ರ ಕೇಳಿದ್ದು ಕಡಿಮೆ. ಸ್ಟ್ರಿಪ್ಪು ಇಂಗ್ಲಿಷು, ಕೌಂಟರಿನ ಹುಡುಗಿ ಮಲಯಾಳ, ತಿನ್ನುವವರು ತುಳುವೋ ಕನ್ನಡವೋ ಮರಾಟಿಯೋ. ಮಲಯಾಳದಲ್ಲಿ ಮಾತ್ರೆಗೆ ಗುಳಿಗ ಅನ್ನುತ್ತಾರೆ, ನಿದ್ದೆಯ ಮಾತ್ರೆಗೆ ಉರಕ್ಕ ಗುಳಿಗ. ನಮ್ಮ ತುಳುವರಿಗೆ ಗುಳಿಗ ಅಂದರೆ ದೈವ! ಹೊಸದಾಗಿ ಕೆಲಸಕ್ಕೆ ಸೇರಿದಾಗ ಒಬ್ಬರು ಅಜ್ಜಿಗೆ ನನ್ನ ಜೊತೆಯ ಹುಡುಗ ಉರಕ್ಕ ಗುಳಿಗ ಅಂತ ಹೇಳಿ ಕೊಟ್ಟ, ಅವರು ಎರಡು ಕೈಯಲ್ಲಿ ತೆಗೆದುಕೊಂಡು ಕಣ್ಣಿಗೊತ್ತಿಕೊಂಡರು. ನಕ್ಕೆವು. ಆದರೆ ಆ ಹುಡುಗ ಕನಿಷ್ಠ ಇದು ನಿದ್ದೆಯದ್ದು ಅಂತ ಬಾಯಿಬಿಟ್ಟು ಹೇಳಿದ್ದ. ಗ್ಯಾಸಿನ ಗುಳಿಗೆ ಕೊಡುವಾಗ ಯಾವ ಭಾಷೆಯಲ್ಲೂ ಯಾರೂ ಹೇಳುವುದಿಲ್ಲ. ಸ್ಟ್ರಿಪ್ಪಿನ ಮೇಲೆ ಬಾಲ್‌ಪೆನ್ನಿನಲ್ಲಿ 1-1-1 ಅಂತ ಗೀಚಿದರೆ ನಮ್ಮ ಕೆಲಸ ಮುಗಿಯಿತು.

ನಾನು ಕೇಳುವುದು ದೊಡ್ಡದೇನಲ್ಲ. ಕೇರಳದಲ್ಲಿ ಈಗ ಆ್ಯಂಟಿಬಯೋಟಿಕನ್ನು ನೀಲಿ ಕವರಿನಲ್ಲಿ ಹಾಕಿ ಕೊಡುವ ಕ್ರಮ ಶುರುಮಾಡಿದ್ದಾರೆ. ಕವರಿನ ಬಣ್ಣ ನೋಡಿದರೇ ಇದು ಬೇರೆ ಮದ್ದು ಅಂತ ಗೊತ್ತಾಗಬೇಕು ಅಂತ. ಹಾಗೆಯೇ ನಿದ್ದೆ-ಮಂಪರಿನ ಮದ್ದು ಸೇರಿದ ಯಾವ ಗುಳಿಗೆಗಾದರೂ ಬೇರೆ ಬಣ್ಣದ ಒಂದು ಕವರು ಮಾಡಲಿ. ಅದರ ಮೇಲೆ ಮಲಯಾಳದಲ್ಲಿ, ನಮ್ಮ ಜಿಲ್ಲೆಯಲ್ಲಿ ಕನ್ನಡದಲ್ಲೂ, ದೊಡ್ಡ ಅಕ್ಷರದಲ್ಲಿ ಮೂರು ಸಾಲು ಸಾಕು. ಇದರಲ್ಲಿ ನಿದ್ದೆ ತರಿಸುವ ಮದ್ದು ಉಂಟು. ಡಾಕ್ಟರಿಗೆ ಹೇಳದೆ ಒಮ್ಮೆಲೇ ನಿಲ್ಲಿಸಬೇಡಿ. ಕುಡಿತದ ಜೊತೆ ಬೇಡ. ಗಾಡಿ ಓಡಿಸುವವರಿಗೆ ಅಂತ ನಾಲ್ಕನೆಯ ಸಾಲು ಬೇಕಾದರೆ ಸೇರಿಸಲಿ, ಬದಿಯಡ್ಕದ ತಿರುವುಗಳಲ್ಲಿ ಜೀಪು ಓಡಿಸುವವರನ್ನು ನೆನೆದರೆ ಅದೂ ಬೇಕು ಅನಿಸುತ್ತದೆ. ಸರಕಾರ ಮಾಡುವವರೆಗೆ ಕಾಯಬೇಕಾಗಿಯೂ ಇಲ್ಲ, ಒಂದು ರಬ್ಬರ್ ಸ್ಟಾಂಪು ಮಾಡಿಸಲಿಕ್ಕೆ ಅಂಗಡಿಯವರಿಗೆ ಎಷ್ಟು ಖರ್ಚಾದೀತು? ಡಾಕ್ಟರುಗಳೂ ಚೀಟಿಯಲ್ಲಿ ಹದಿನೈದು ದಿನ ಅಂತ ಬರೆದ ಮೇಲೆ ಹದಿನಾರನೆಯ ದಿನ ಏನು ಮಾಡಬೇಕು ಅಂತ ಒಂದು ಗೆರೆ ಸೇರಿಸಿದರೆ ಉಪಕಾರ. ಆಶಾ ಕಾರ್ಯಕರ್ತೆಯರು ಹೇಗೂ ಮನೆ ಮನೆಗೆ ಬರುತ್ತಾರೆ, ಆದರೆ ಅವರ ತಲೆಯ ಮೇಲೆ ಈಗಲೇ ಹೊರೆ ಜಾಸ್ತಿ, ಅವರಿಗೆ ಇನ್ನೊಂದು ಕೆಲಸ ಅಂಟಿಸಲಿಕ್ಕೆ ನನಗೆ ಮನಸ್ಸಿಲ್ಲ.

ಅಲ್ಲಿಯವರೆಗೆ ನಾನೊಂದು ಸಣ್ಣ ಕೆಲಸ ಶುರುಮಾಡಿದ್ದೇನೆ. ಆದಿತ್ಯವಾರ ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ನಮ್ಮ ಊರಿನ ವಾಚನಾಲಯದ ಜಗಲಿಯಲ್ಲಿ ಕೂರುತ್ತೇನೆ. ಮನೆಯ ಮದ್ದಿನ ಡಬ್ಬಿ ತಂದವರಿಗೆ ಯಾವುದರಲ್ಲಿ ಏನಿದೆ ಅಂತ ಕನ್ನಡದಲ್ಲಿ ಒಂದು ಚೀಟಿ ಬರೆದುಕೊಡುತ್ತೇನೆ. ನಿಲ್ಲಿಸಿ ಅಂತ ಹೇಳುವುದಿಲ್ಲ, ತಿನ್ನಿ ಅಂತಲೂ ಹೇಳುವುದಿಲ್ಲ, ಆ ಚೀಟಿ ಹಿಡಿದುಕೊಂಡು ನಿಮ್ಮ ಡಾಕ್ಟರ ಹತ್ತಿರ ಹೋಗಿ ಅನ್ನುತ್ತೇನೆ. ಮೊದಲ ವಾರ ನಾಲ್ಕು ಜನ ಬಂದಿದ್ದರು, ಅದರಲ್ಲಿ ಇಬ್ಬರದ್ದು ಗ್ಯಾಸಿನದ್ದೇ. ದೊಡ್ಡಮ್ಮನೂ ಒಮ್ಮೆ ಬಂದು ಕೂತಿದ್ದರು, ಈಗ ಯಾವ ಸ್ಟ್ರಿಪ್ಪು ಕೈಗೆ ಬಂದರೂ ಅವರದ್ದು ಒಂದೇ ಪ್ರಶ್ನೆ, "ಇದರಲ್ಲಿ ಆ ನಿದ್ದೆಯವ ಇದ್ದಾನಾ ನೋಡು." ನಿಮ್ಮ ಓದುಗರಲ್ಲಿ ಪೆರ್ಲದ ಆಸುಪಾಸಿನವರು ಇದ್ದರೆ ಬರಲಿ. ಡಬ್ಬಿ ಅವರದ್ದು, ಭೂತಕನ್ನಡಿ ನಾನು ತರುತ್ತೇನೆ.

ಇತಿ,
ಒಬ್ಬ ಹಳೆಯ ಮದ್ದಿನಂಗಡಿಯವ
ಪೆರ್ಲ, ಕಾಸರಗೋಡು ಜಿಲ್ಲೆ